ಖಾಲೆದ್ ಮೊಷರಫ್ 'ನಮ್ಮ ಏಜೆಂಟ್' ಅಂತೆ: ಮನೆ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ: ಮೇಲಿನ ಫಾರ್ವರ್ಡ್ ಎಲ್ಲರೂ ಓದಿ. ಬಾಂಗ್ಲಾದೇಶದ ಜನರಲ್ ಖಾಲೆದ್ ಮೊಷರಫ್ 1975ರಲ್ಲಿ ನಮ್ಮ ಭಾರತದವರ ಮಾತು ಕೇಳಿಯೇ ದಂಗೆ ಮಾಡಿದನಂತೆ. ಆಗ ನಮ್ಮ ತಾಕತ್ತು ಹಾಗಿತ್ತು!

ನಾನು: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ಇದಕ್ಕೆ ಆಧಾರವೇ ಇಲ್ಲ. ಅವರ ಪ್ರಾಣ ಹೋಗಿದ್ದರಲ್ಲಿ ಈ ಗಾಳಿಸುದ್ದಿಯ ಪಾಲು ದೊಡ್ಡದು. ಅದನ್ನೇ ನಾವು ಹೆಮ್ಮೆಯಿಂದ ಹಂಚೋದಾ?

ಮಾವ: ದಂಗೆ ಮಾಡಿದ್ದಂತೂ ನಿಜ ತಾನೇ? ನಾನು ಇಪ್ಪತ್ತು ವರ್ಷ ಫೌಜಿನಲ್ಲಿದ್ದವನು. ಸ್ವಂತ ಚೀಫ್‌ನ ಮನೆಯಲ್ಲೇ ಕೂಡಿಹಾಕಿದ ಬ್ರಿಗೇಡಿಯರ್‌ಗೆ ನಾನು ಸಲ್ಯೂಟ್ ಹೊಡೆಯಲ್ಲ.

ನಾನು: ನಿಜ ಮಾವ, ನವೆಂಬರ್ 3ರಂದು ಸೇನಾ ಮುಖ್ಯಸ್ಥ ಜಿಯಾವುರ್ ರಹಮಾನ್‌ರನ್ನು ಗೃಹಬಂಧನದಲ್ಲಿಟ್ಟರು. ಆದರೆ ಆಗಸ್ಟ್ 15ಕ್ಕೆ ಅಧ್ಯಕ್ಷ ಮುಜೀಬ್ ಅವರನ್ನು ಮನೆಮಂದಿ ಸಮೇತ ಕೊಂದ ಮೇಜರ್‌ಗಳು ಅಧ್ಯಕ್ಷರ ನಿವಾಸ ಬಂಗಭವನದಲ್ಲೇ ಕೂತು ದೇಶ ಆಳುತ್ತಿದ್ದರು. ಸೈನ್ಯದ ಶಿಸ್ತು ಅಲ್ಲಿ ಆಗಲೇ ಸತ್ತಿತ್ತು ಅಲ್ವಾ?

ಅಕ್ಕ: ಈ ಮನುಷ್ಯ ಅದಕ್ಕೂ ಮೊದಲು ಯಾರು? ಅದನ್ನು ಹೇಳು.

ನಾನು: ಬಾಂಗ್ಲಾ ವಿಮೋಚನಾ ಯುದ್ಧ ಶುರುವಾದ 1971ರ ಮಾರ್ಚ್‌ನಲ್ಲಿ ಪಾಕ್ ಸೈನ್ಯದ 4ನೇ ಈಸ್ಟ್ ಬೆಂಗಾಲ್ ರೆಜಿಮೆಂಟ್‌ನಲ್ಲಿ ಮೇಜರ್. ಪಾಕಿಸ್ತಾನಿ ಸಿಒ (ಕಮಾಂಡಿಂಗ್ ಅಧಿಕಾರಿ) ಒಂದು ಕಂಪನಿ ಕೊಟ್ಟು ದೂರದ ಶಂಶೇರ್‌ನಗರಕ್ಕೆ ಕಳಿಸಿಬಿಟ್ಟಿದ್ದ. 27ರಂದು ಬ್ರಾಹ್ಮಣಬಾರಿಯಾದಲ್ಲಿ ಅದೇ ಪಡೆಯ ಅಧಿಕಾರಿ ಶಫಾಯತ್ ಜಮೀಲ್ ಆ ಸಿಒನನ್ನೇ ಬಂಧಿಸಿದರು, ಖಾಲೆದ್ ಬಂದು ಇಡೀ ಪಡೆಯ ಜವಾಬ್ದಾರಿ ಹೊತ್ತರು. ಆಮೇಲೆ 2ನೇ ಸೆಕ್ಟರ್, ಅಂದರೆ ಯುದ್ಧವಲಯದ ಕಮಾಂಡರ್. ತ್ರಿಪುರಾದ ಮೇಲಾಘರ್ ಕಾಡಿನಲ್ಲಿ ಕ್ಯಾಂಪ್. ಢಾಕಾದ ಕಾಲೇಜು ಹುಡುಗರು ಮನೆ ಬಿಟ್ಟು ಅಲ್ಲಿಗೆ ಬರುತ್ತಿದ್ದರು, ಹೈದರ್ ಅನ್ನೋ ಅಧಿಕಾರಿ ಅವರಿಗೆ ಗ್ರೆನೇಡು, ಸ್ಫೋಟಕ ಹಿಡಿಯೋದು ಕಲಿಸುತ್ತಿದ್ದರು. ಜೂನ್ 9ಕ್ಕೆ ಅದೇ ಹುಡುಗರು ಢಾಕಾದ ಇಂಟರ್‌ಕಾಂಟಿನೆಂಟಲ್ ಹೋಟೆಲ್‌ಗೆ ಗ್ರೆನೇಡ್ ಎಸೆದು ಬಂದರು. ಗಾಯಾಳುಗಳಿಗೆ ಬಿಶ್ರಾಮ್‌ಗಂಜ್‌ನಲ್ಲಿ ಬಿದಿರಿನ ಆಸ್ಪತ್ರೆ, 480 ಹಾಸಿಗೆ. ಅಕ್ಟೋಬರ್‌ನಲ್ಲಿ ಕಸ್ಬಾ ಹತ್ತಿರ ಶೆಲ್ ಚೂರು ಖಾಲೆದ್ ಅವರ ತಲೆಗೇ ಬಿತ್ತು. ಬದುಕಿದ್ದೇ ಹೆಚ್ಚು. ಬೀರ್ ಉತ್ತಮ್ ಶೌರ್ಯ ಪದಕ ಕೊಟ್ಟರು. ಮೊದಲನೇ ಪದಕ ಬೀರ್ ಶ್ರೇಷ್ಠ, ಅದು ಸಿಕ್ಕಿದ್ದು ಏಳೇ ಜನಕ್ಕೆ, ಏಳೂ ಜನ ಹುತಾತ್ಮರು. ಹಾಗಾಗಿ ಬದುಕಿರುವವರಿಗೆ ಇದೇ ದೊಡ್ಡದು.

ಚಿಕ್ಕಪ್ಪ: ನಮ್ಮ ನೆಲದಲ್ಲೇ ಕ್ಯಾಂಪ್ ಇತ್ತು ಅಂತ ನೀನೇ ಹೇಳ್ತಿದ್ದೀಯ. ಮತ್ತೆ?

ನಾನು: ಜಿಯಾ ಅವರೂ ಗಡಿ ದಾಟಿ ಬಂದವರೇ ಚಿಕ್ಕಪ್ಪ. ಹಾಗೆ ಲೆಕ್ಕ ಹಾಕಿದರೆ ಬಾಂಗ್ಲಾಕ್ಕಾಗಿ ಹೋರಾಡಿದ ಮುಕ್ತಿಬಾಹಿನಿ ಪೂರ್ತಿ ಏಜೆಂಟ್ ಆಗಬೇಕು. ಈ ಮಾತು ಹೇಗೆ ಹಬ್ಬಿತು ಗೊತ್ತಾ? ನವೆಂಬರ್ 4ಕ್ಕೆ ಮುಜೀಬ್ ಮನೆ ಕಡೆ ಒಂದು ಮೆರವಣಿಗೆ ಹೋಯಿತು. ಅದರಲ್ಲಿ ಖಾಲೆದ್ ಅವರ ತಾಯಿ, ತಮ್ಮ ಇದ್ದರು. ಮಾರನೇ ದಿನ ಪೇಪರ್‌ನಲ್ಲಿ ಫೋಟೊ. ಮುಜೀಬ್ ಕಡೆಯವರು ಅಂದರೆ ಭಾರತದ ಕಡೆಯವರು ಅಂತ ಎಣಿಸಿಬಿಟ್ಟರು. ಅಷ್ಟೇ. ದಂಡಿನಲ್ಲೆಲ್ಲಾ ಕರಪತ್ರ, ಗುಸುಗುಸು.

ಮಾವ: ಅವನಾದರೂ ರೇಡಿಯೊದಲ್ಲಿ ಒಂದು ಮಾತು ಆಡಬೇಕಿತ್ತು! ಮೇಜರ್ ಜನರಲ್ ಆದ, ಚೀಫ್ ಆದ, ಜನಕ್ಕೆ ಏನೂ ಹೇಳಲಿಲ್ಲ. ಮುಜೀಬ್ ಕೊಲೆಗಾರರನ್ನು ಬ್ಯಾಂಕಾಕ್ ವಿಮಾನ ಹತ್ತಿಸಿದ. ಇದಕ್ಕೆ ಏನು ಹೇಳ್ತೀಯ?

ನಾನು: ಅದು ದೊಡ್ಡ ತಪ್ಪು ಮಾವ, ನನಗೂ ಸಿಟ್ಟಿದೆ. ರಕ್ತ ಹರಿಯದೆ ಮುಗೀಲಿ ಅಂತ ಮಾತುಕತೆ ನಡೆಸಿದರು. 71ರಲ್ಲಿ ಪ್ರಧಾನಿಯಾಗಿದ್ದ ತಾಜುದ್ದೀನ್ ಸೇರಿ ನಾಲ್ಕು ನಾಯಕರನ್ನು ಜೈಲಿನಲ್ಲೇ ಕೊಂದಿದ್ದು ಅವರಿಗೆ ಗೊತ್ತಾಗುವಷ್ಟರಲ್ಲಿ ವಿಮಾನ ಹೋಗಿತ್ತು. ಯುದ್ಧದಲ್ಲಿ ಅಷ್ಟು ಚುರುಕಾಗಿದ್ದವರು ಇಲ್ಲಿ ಯಾಕೆ ತಡ ಮಾಡಿದರೋ. ಆದರೆ ನವೆಂಬರ್ 7ಕ್ಕೆ ಸಿಪಾಯಿಗಳು ಖಾಲೆದ್ ವಿರುದ್ಧವೇ ದಂಗೆ ಎದ್ದ ದಿನ ಏನಾಯಿತು ನೋಡಿ. ಖಾಲೆದ್, ಅವರ ಜೊತೆಗಿದ್ದ ಕರ್ನಲ್ ಹುದಾ, ಹೈದರ್ ಮೂವರೂ ಹೋಗಿದ್ದು 10ನೇ ಈಸ್ಟ್ ಬೆಂಗಾಲ್ ಹತ್ತಿರ. ಅದು 71ರಲ್ಲಿ ಖಾಲೆದ್ ಅವರದೇ ಬ್ರಿಗೇಡ್ ಕೆ ಫೋರ್ಸ್‌ನಲ್ಲಿ ಕಟ್ಟಿದ ಪಡೆ. ಇಲ್ಲಿ ನಮ್ಮನ್ನು ಯಾರೂ ಮುಟ್ಟಲ್ಲ ಅಂದುಕೊಂಡಿರಬೇಕು. ಅಲ್ಲೇ ಕೊಂದರು. 1971ರ ಡಿಸೆಂಬರ್ 16ರ ಫೋಟೊ ನೋಡಿದ್ದೀರಲ್ಲ, ಶರಣಾಗತಿಗೆ ಪಾಕ್ ಜನರಲ್ ನಿಯಾಜಿ, ನಮ್ಮ ಜನರಲ್ ಅರೋರಾ ನಡೆದು ಬರುತ್ತಾರೆ, ಪಕ್ಕದಲ್ಲಿ ಒಬ್ಬ ಯುವಕ. ಅದೇ ಹೈದರ್. ಇವರ ಸಾವು ಕೊಲೆ ಕೇಸು ಅಂತ ದಾಖಲಾಗಿದ್ದು 2023ರಲ್ಲಿ, ಹುದಾ ಅವರ ಮಗಳು ಕೊಟ್ಟ ದೂರಿನ ಮೇಲೆ. 48 ವರ್ಷ ಆಗಿತ್ತು.

ಅಕ್ಕ: ಅಯ್ಯೋ. ತಾವೇ ಕಟ್ಟಿದ ಪಡೆಯಲ್ಲಾ?

ಮಾವ: ದಂಗೆ ವಿಷಯದಲ್ಲಿ ನನ್ನ ಮಾತು ಅದೇ. ಆದರೆ ಸುಮ್ನೆ ಏಜೆಂಟ್ ಅಂದರೆ ನಾನೂ ಒಪ್ಪಲ್ಲ. ತಲೆಗೆ ಗಾಯ ಆದವನು ಯಾರ ದೇಶಕ್ಕೆ ಹೊಡೆದಾಡಿದ ಅಂತ ಕೇಳಬೇಕಾಗಿಲ್ಲ.

ಚಿಕ್ಕಪ್ಪ: ಸರಿ, ಇಲ್ಲಿ ಅಳಿಸಿದೆ. ನಮ್ಮ ವಾಕಿಂಗ್ ಗುಂಪಿಗೂ ಮೊನ್ನೆ ಕಳಿಸಿದ್ದೆ, ಅಲ್ಲಿ ಈಗ ಅಳಿಸೋಕೆ ಬರ್ತಿಲ್ಲ. ನೀನು ಬರೆದಿದ್ದನ್ನೇ ಹಾಕಲಾ?

ನಾನು: ಹಾಕಿ ಚಿಕ್ಕಪ್ಪ. ಹೈದರ್ ಫೋಟೊನೂ ಕಳಿಸ್ತೀನಿ, ಜೊತೆಗೇ ಹಾಕಿ.