ಪೋಷಕಾಂಶ ಆ್ಯಪ್‌ಗೆ ಮನೆಯ ಅಡುಗೆಯನ್ನು ಸೇರಿಸುವಾಗ ಯಾವ ತೂಕವನ್ನು ನಮೂದಿಸಬೇಕು?

ಪ್ರಶ್ನೆ:
ಆ್ಯಪ್‌ನ ಪಟ್ಟಿಯಲ್ಲಿಲ್ಲದ ಮನೆಯ ಅಡುಗೆಯನ್ನು ನಾನೇ ಸೇರಿಸುತ್ತಿದ್ದೇನೆ. ಆದರೆ ಒಂದೇ ಅಡುಗೆಗೆ, ಅದೇ ಬಟ್ಟಲಿನ ಅಳತೆಗೆ, ಪ್ರತಿ ಸಲವೂ ಬೇರೆ ಕ್ಯಾಲೊರಿ ಬರುತ್ತಿದೆ. ಬೇಯಿಸುವ ಮೊದಲಿನ ತೂಕವನ್ನು ಕೊಡಬೇಕೇ ಅಥವಾ ಬೆಂದ ನಂತರದ್ದನ್ನೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಎರಡೂ ಬೇಕು. ಪ್ರತಿಯೊಂದು ಪದಾರ್ಥವನ್ನೂ ಹಸಿಯಾಗಿರುವಾಗಲೇ ಗ್ರಾಂಗಳಲ್ಲಿ ತೂಗಿ ನಮೂದಿಸಿ, ಅಡುಗೆ ಮುಗಿದ ಮೇಲೆ ಪಾತ್ರೆಯ ತೂಕವನ್ನು ಕಳೆದು ಉಳಿದ ಒಟ್ಟು ತೂಕವನ್ನು ಬರೆದುಕೊಳ್ಳಿ. ಒಟ್ಟು 1,200 ಕ್ಯಾಲೊರಿಯ ಅಡುಗೆ 800 ಗ್ರಾಂ ತೂಗಿದರೆ 100 ಗ್ರಾಂಗೆ 150 ಕ್ಯಾಲೊರಿಯಾಗುತ್ತದೆ. ನೀರು ಸೇರಿದರೂ ಆವಿಯಾದರೂ ತೂಕ ಬದಲಾಗುತ್ತದೆಯೇ ಹೊರತು ಒಟ್ಟು ಕ್ಯಾಲೊರಿಯಲ್ಲ. ನಿಮ್ಮ ಬಟ್ಟಲಿನ ಲೆಕ್ಕ ತಪ್ಪುತ್ತಿರುವುದು ಬಹುಶಃ ಇಲ್ಲಿಯೇ. ಎಣ್ಣೆಯನ್ನು ಮಾತ್ರ ಕಣ್ಣಳತೆಯಲ್ಲಿ ಹಾಕಬೇಡಿ, ಏಕೆಂದರೆ ಹತ್ತು ಗ್ರಾಂ ಹೆಚ್ಚಾದರೂ ಸುಮಾರು 90 ಕ್ಯಾಲೊರಿ ಹೆಚ್ಚುತ್ತದೆ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಉಳಿಸುವ ಮುನ್ನ ಒಮ್ಮೆ ತಾಳೆ ನೋಡುವುದು ಒಳ್ಳೆಯದು: ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್‌ನ ಗ್ರಾಂಗಳನ್ನು 4ರಿಂದ, ಕೊಬ್ಬಿನ ಗ್ರಾಂಗಳನ್ನು 9ರಿಂದ ಗುಣಿಸಿ ಕೂಡಿಸಿದರೆ ಕ್ಯಾಲೊರಿಯ ಹತ್ತಿರಕ್ಕೆ ಬರಬೇಕು. ನಾರಿನಂಶ ಹೆಚ್ಚಿದ್ದರೆ ಸ್ವಲ್ಪ ವ್ಯತ್ಯಾಸ ಸಹಜ. ಪೊಟ್ಟಣದ ಮೇಲೆ ಕ್ಯಾಲೊರಿಯ ಬದಲು ಕಿಲೋಜೂಲ್ (ಶಕ್ತಿಯ ಇನ್ನೊಂದು ಅಳತೆ) ಇದ್ದರೆ, ಅದನ್ನು 4.184ರಿಂದ ಭಾಗಿಸಿ ಕ್ಯಾಲೊರಿಗೆ ಬದಲಿಸಿ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು. ನಾನು ಬೆಂದ ತೂಕಕ್ಕೆ ಹಸಿ ಧಾನ್ಯದ ಅಂಕಿಗಳನ್ನು ಹಾಕುತ್ತಿದ್ದೆ. ಹಳೆಯ ನಮೂದುಗಳನ್ನು ಇಂದೇ ತಿದ್ದುತ್ತೇನೆ.