ಹ್ಯಾಮರ್ ಥ್ರೋ: 1913ರ ದಾಖಲೆ 25 ವರ್ಷ ಅಲುಗಾಡಲಿಲ್ಲ ಯಾಕೆ?

ಅಂಕಿರಾಯ: 1900ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಜಾನ್ ಫ್ಲನಗನ್ 49.73 ಮೀ., 1904ರಲ್ಲಿ 51.23, 1908ರಲ್ಲಿ 51.92. ಮೂರೂ ಚಿನ್ನ ಅವನದೇ. 1912ರಲ್ಲಿ ಮ್ಯಾಟ್ ಮೆಗ್ರಾ 54.74. ಮರುವರ್ಷ ನ್ಯೂಯಾರ್ಕಲ್ಲಿ ಪ್ಯಾಟ್ ರಯಾನ್ 57.77 ಎಸೆದ. ಅದನ್ನು ಮುರಿಯೋಕೆ 1938 ಬರಬೇಕಾಯ್ತು. ಹ್ಯಾಮರ್ ಅಂದ್ರೆ ತಂತಿಗೆ ಕಟ್ಟಿದ ಗುಂಡು; ತಂತಿ, ಹಿಡಿ ಸೇರಿ ರಯಾನನ ಕಾಲದಲ್ಲೂ 7.26 ಕೆ.ಜಿ., ಒಳಗೆ ನಿಂತು ಗಿರ್ರನೆ ಸುತ್ತಿ ಎಸೆಯೋ ವೃತ್ತದ ಅಡ್ಡಳತೆ ಆಗಲೂ 2.135 ಮೀ. ಈಗಿನವರಲ್ಲಿ ಹೆಚ್ಚಿನವರದ್ದು ನಾಲ್ಕು ಸುತ್ತು, ಅವರದ್ದು ಮೂರು. ವ್ಯತ್ಯಾಸ ಇಷ್ಟೇ ಅನ್ನೋದು ನನ್ನ ವಾದ.

ತುದಿಗಾಲು: ರಾಯರೇ, ಸುತ್ತಿನ ಲೆಕ್ಕ ಒಪ್ಪೋಕಾಗಲ್ಲ. 1986ರಲ್ಲಿ ಯೂರಿ ಸೆಡಿಖ್ 86.74 ಎಸೆದದ್ದೂ ಮೂರೇ ಸುತ್ತಲ್ಲಿ! ಪಾದ ಹೇಗೆ ತಿರುಗುತ್ತೆ ಅನ್ನೋದನ್ನ ನೋಡಿ. ಹಳಬರು ತುದಿಗಾಲಲ್ಲಿ ಜಿಗಿದು ತಿರುಗೋರು. ಎರಡೂ ಪಾದ ಗಾಳೀಲಿದ್ದಾಗ ಗುಂಡನ್ನ ತಳ್ಳೋಕೆ ಆಸರೆಯೇ ಇಲ್ಲ. ವೇಗ ಕೂಡೋದು ಎರಡೂ ಪಾದ ನೆಲ ಕಚ್ಚಿರುವಾಗ. ಎಡ ಹಿಮ್ಮಡಿ ಮೇಲೆ ಶುರು ಮಾಡಿ, ಪಾದದ ಹೊರ ಅಂಚಲ್ಲಿ ಉರುಳಿ, ಮುಂಗಾಲಲ್ಲಿ ಸುತ್ತು ಮುಗಿಸಿದರೆ ಬಲಗಾಲು ಬೇಗ ಕೆಳಗಿಳಿಯುತ್ತೆ, ತಳ್ಳೋಕೆ ಹೆಚ್ಚು ಹೊತ್ತು ಸಿಗುತ್ತೆ.

ಗರಡಿಮನೆ: ಶಕ್ತಿಯ ಮಾತೇ ಇಲ್ವಲ್ಲ? 50 ಮೀಟರ್ ದಾಟೋಕೆ ಗುಂಡು ಸೆಕೆಂಡಿಗೆ ಸುಮಾರು 22 ಮೀಟರ್ ವೇಗದಲ್ಲಿ ಕೈ ಬಿಡಬೇಕು. ಆಗ ಕೈಮೇಲಿನ ಎಳೆತ ಸುಮಾರು 200 ಕೆ.ಜಿ. ಭಾರದಷ್ಟು. 80 ಮೀಟರಿಗೆ 28 ಮೀಟರ್ ವೇಗ, ಎಳೆತ 320 ಕೆ.ಜಿ. ದಾಟುತ್ತೆ. ಬೆನ್ನು, ತೊಡೆ ಗಟ್ಟಿ ಇಲ್ಲದವನು ಮುಂದಕ್ಕೆ ಬಗ್ತಾನೆ, ಗುಂಡೇ ಅವನನ್ನ ವೃತ್ತದಿಂದಾಚೆ ಎಳ್ಕೊಂಡು ಹೋಗುತ್ತೆ. ಫೌಲ್.

ತುದಿಗಾಲು: ಅವರಿಗೆ ಶಕ್ತಿ ಕಡಿಮೆ ಇತ್ತಾ ಮಾರಾಯ್ರೆ? ಫ್ಲನಗನ್ 1904ರಲ್ಲೇ 25.4 ಕೆ.ಜಿ. ಭಾರದ ಎಸೆತದಲ್ಲಿ ಬೆಳ್ಳಿ ಗೆದ್ದವನು.

ಮಣ್ಣಂಗಳ: ನೆಲ ಮರೆತ್ರಿ. ಆಗ ವೃತ್ತ ಅಂದ್ರೆ ಮಣ್ಣು, ಇಲ್ಲವೇ ಬೂದಿಪುಡಿ ಹಾಸಿದ ನೆಲ, ಕಾಲಲ್ಲಿ ಮೊಳೆ ಬೂಟು. ನಾಲ್ಕಾರು ಎಸೆತಕ್ಕೆ ತಿರುಗೋ ಜಾಗದಲ್ಲಿ ಗುಳಿ ಬೀಳುತ್ತೆ. ಮೊಳೆ ಅದರಲ್ಲಿ ಸಿಕ್ಕಿಕೊಂಡರೆ ಪಾದ ನಿಲ್ಲುತ್ತೆ, ಮೈ ತಿರುಗುತ್ತೆ, ಮಂಡಿಗೆ ಪೆಟ್ಟು. ಅಂಥ ನೆಲದಲ್ಲಿ ಜಿಗಿಯೋದೇ ಜಾಣತನ. ಕಾಂಕ್ರೀಟ್ ವೃತ್ತ ಬಳಕೆಗೆ ಬಂದದ್ದು 1950ರ ದಶಕದಲ್ಲಿ.

ಅಂಕಿರಾಯ: ಆದರೆ ಹಿಮ್ಮಡಿ ತಿರುವನ್ನ ಜರ್ಮನ್ನರು ರೂಢಿಸಿಕೊಂಡದ್ದು 1930ರ ದಶಕದಲ್ಲೇ, ಕಾಂಕ್ರೀಟಿಗೂ ಮುಂಚೆ. ಅಷ್ಟಾದರೂ 1936ರ ಬರ್ಲಿನ್ನಲ್ಲಿ ಕಾರ್ಲ್ ಹೈನ್ ಗೆದ್ದದ್ದು 56.49ಕ್ಕೆ. ಜಿಗಿದು ಎಸೆದ ರಯಾನನಿಗಿಂತ ಕಡಿಮೆ!

ಮಣ್ಣಂಗಳ: 25 ವರ್ಷ ಅನ್ನೋದೂ ಕಾಗದದ ಲೆಕ್ಕ. 1937ರಲ್ಲೇ ಐರ್ಲೆಂಡಿನ ಫರ್ಮಾಯ್‌ನಲ್ಲಿ ಪ್ಯಾಟ್ ಓ'ಕ್ಯಾಲಹನ್ 59.56 ಎಸೆದಿದ್ದ. ಅವನ ಸಂಘ ಅಂತರರಾಷ್ಟ್ರೀಯ ಒಕ್ಕೂಟದಲ್ಲಿ ಇರಲಿಲ್ಲ, ದಾಖಲೆಗೆ ಮಾನ್ಯತೆ ಸಿಗಲಿಲ್ಲ.

ತುದಿಗಾಲು: ರಾಯರೇ, ಗೆದ್ದವನನ್ನ ಬಿಟ್ಟು ಎರಡನೆಯವನನ್ನ ನೋಡಿ. 1912ರಲ್ಲಿ ಬೆಳ್ಳಿಗೆ 48.39 ಸಾಕಾಗಿತ್ತು. 1936ರಲ್ಲಿ ಎರ್ವಿನ್ ಬ್ಲಾಸ್ಕ್‌ಗೆ ಬೆಳ್ಳಿ ಸಿಕ್ಕಿದ್ದು 55.04ಕ್ಕೆ. 1938ರಲ್ಲಿ 59.00 ಎಸೆದು ರಯಾನನ ದಾಖಲೆ ಮುರಿದದ್ದೂ ಅದೇ ಬ್ಲಾಸ್ಕ್. ರಯಾನ್, ಮೆಗ್ರಾ ಅಂಥವರು ಅಪರೂಪಕ್ಕೊಬ್ಬರು. ಹಿಮ್ಮಡಿ ತಿರುವನ್ನ ಕಲಿಸಿಕೊಡಬಹುದು.