ಕಿವಿ ಮೇಲೆ ಹೂವು, ಬಾಯಿಗೆ ಚಳ್ಳೆಹಣ್ಣು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಕನ್ನಡ ಕಲಿಸುವ ಮಾತು ಬಂದಾಗೆಲ್ಲ ಇಲ್ಲಿ ಅಕ್ಷರಮಾಲೆ, ಪದ್ಯಗಳ ವಿಷಯವೇ ಜಾಸ್ತಿ. ಮೋಸ ಹೋಗೋದಕ್ಕೆ ನಮ್ಮಲ್ಲಿರುವ ಮಾತುಗಳನ್ನೂ ಕಲಿಸಿ ಅಂತ ಕೇಳಿಕೊಳ್ಳುತ್ತೇನೆ. ಕಾರಣ ಇದೆ.

ನಾವಿರೋದು ಇಂಗ್ಲೆಂಡಿನಲ್ಲಿ. ಮಗಳಿಗೆ 11 ವರ್ಷ. ಹೋದ ಚಳಿಗಾಲದಲ್ಲಿ ಅವಳು ಆಡುವ ಆನ್‌ಲೈನ್ ಆಟದಲ್ಲಿ ಯಾರೋ "ಪುಕ್ಕಟೆ ಕಾಯಿನ್ ಕೊಡ್ತೀವಿ, ಪಾಸ್‌ವರ್ಡ್ ಹಾಕು" ಅಂದರು. ಹಾಕಿದಳು. ಎರಡು ವರ್ಷದಿಂದ ಕೂಡಿಟ್ಟಿದ್ದೆಲ್ಲ ಹೋಯಿತು. ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ, ನಮಗೆ ಹೇಳಲೂ ಇಲ್ಲ. ಕೊನೆಗೆ ಬಾಯಿ ಬಿಟ್ಟಾಗ ಅಂದದ್ದು ಒಂದೇ ಮಾತು: "ಐ ಆಮ್ ಸೋ ಗಲಿಬಲ್, ಅಮ್ಮ." ಯಾರು ಏನು ಹೇಳಿದರೂ ನಂಬಿಬಿಡ್ತೀನಿ ಅಂತ.

ಅವತ್ತು ಸಂಜೆ ಹಾಸನದಿಂದ ನಮ್ಮಮ್ಮ ವಿಡಿಯೋ ಕಾಲ್ ಮಾಡಿದರು. ವಿಷಯ ಕೇಳಿ, "ಅಯ್ಯೋ ಪುಟ್ಟಿ, ನಿನ್ ಕಿವಿ ಮೇಲೆ ಹೂ ಇಟ್ಬಿಟ್ರಲ್ಲೇ ಆ ಕಳ್ ನನ್ಮಕ್ಳು!" ಅಂದರು. ಮಗಳು ಕಿವಿ ಮುಟ್ಟಿ ನೋಡಿಕೊಂಡಳು. ಆಮೇಲೆ ನಕ್ಕಳು.

ಆಗ ನನಗೆ ಹೊಳೆಯಿತು. ಗಲಿಬಲ್ ಅಂದರೆ ತಪ್ಪೆಲ್ಲ ಮೋಸ ಹೋದವರದ್ದೇ. ನಮ್ಮಲ್ಲಿ ಎಷ್ಟೊಂದು ಮಾತುಗಳು ಮೋಸ ಮಾಡಿದವನನ್ನೇ ಹಿಡಿದು ತೋರಿಸುತ್ತವೆ ನೋಡಿ. ಟೋಪಿ ಹಾಕಿದ, ಪಂಗನಾಮ ಎಳೆದ, ಮಂಕುಬೂದಿ ಎರಚಿದ, ಹಳ್ಳಕ್ಕೆ ಕೆಡವಿದ, ಕೈಗೆ ಚಿಪ್ಪು ಕೊಟ್ಟ. ಮಾಡಿದವನು ಅವನು. "ನಂಗೆ ಟೋಪಿ ಹಾಕಿದ್ರು" ಅಂತ ಮನೆಯಲ್ಲಿ ಹೇಳೋಕೆ ಮಗು ನಾಚಬೇಕಾಗಿಲ್ಲ, ಅಲ್ವಾ?

ಚಳ್ಳೆಹಣ್ಣು ತಿನ್ನಿಸೋದು ಅನ್ನುವ ಮಾತು ಮಗಳಿಗೆ ತುಂಬಾ ಹಿಡಿಸಿತು. "ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ" ಅಂತ ಪತ್ರಿಕೆಯಲ್ಲಿ ಓದಿಯೇ ಬೆಳೆದವರು ನಾವು. ಅದು ನಿಜವಾದ ಹಣ್ಣು ಅಂತ ಅವಳಿಗೆ ಗೊತ್ತಿರಲಿಲ್ಲ. ಗೋಲಿಯಷ್ಟು ಗಾತ್ರ, ಒಳಗೆಲ್ಲ ಲೋಳೆ. ಚಿಕ್ಕವರಿದ್ದಾಗ ಪುಸ್ತಕದ ಹರಿದ ಹಾಳೆಗೆ, ಗಾಳಿಪಟಕ್ಕೆ ಗೋಂದಿನ ಬದಲು ಅದನ್ನೇ ಹಚ್ಚುತ್ತಿದ್ದೆವು. ಬೆರಳಿಗೆ ಹತ್ತಿದರೆ ತೊಳೆದಷ್ಟೂ ಅಂಟು. "ಅದಕ್ಕೇ ಪೊಲೀಸರಿಗೆ ಓಡೋಕೆ ಆಗಲ್ವಾ?" ಅಂದಳು. ಇರಬಹುದು ಕಂದ, ಅಂದೆ.

ಬಯ್ಯುವ ಮಾತುಗಳೂ ಇವೆ. ಬಕ್ರಾ, ಗುಗ್ಗು, ಬೆಪ್ಪುತಕ್ಕಡಿ, ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೋಲೆಬಸವ, ಚಾಡಿ ನಂಬುವ ಹಿತ್ತಾಳೆ ಕಿವಿ. ದಯವಿಟ್ಟು ಮೋಸ ಹೋಗಿ ಬಂದ ಮಗುವಿಗೆ ಇವನ್ನು ಅನ್ನಬೇಡಿ. ಆ ದಿನ ನನ್ನ ಬಾಯಿಂದ ಮೊದಲು ಬಂದದ್ದು "ಪೆದ್ದಿ" ಅಂತ. ಅವಳ ಮುಖ ಬಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ದೊಡ್ಡವರನ್ನೂ ಯಾರೂ ಬಿಡಲ್ಲ. "ಹಾಯ್ ಮಮ್, ಫೋನ್ ಒಡೆದುಹೋಯ್ತು, ಇದು ಹೊಸ ನಂಬರ್" ಅಂತ ಶುರುವಾಗಿ ಕೊನೆಗೆ ದುಡ್ಡು ಕೇಳುವ ವಾಟ್ಸಾಪ್ ಸಂದೇಶ ಇಲ್ಲಿ ಎಷ್ಟು ಜನರಿಗೆ ಬಂದಿದೆ! ನನಗೂ ಬಂತು. ನಮ್ಮನೆಯಲ್ಲಿ ಮಮ್ ಅನ್ನುವವರೇ ಇಲ್ಲ, ಅಮ್ಮ ಅನ್ನೋದು. ಅಷ್ಟರಲ್ಲೇ ಗೊತ್ತಾಯಿತು. ಇಂಥದ್ದು ಮಾಮೂಲಿ ಎಸ್ಸೆಮ್ಮೆಸ್ಸಿನಲ್ಲಿ ಬಂದರೆ ಬ್ರಿಟನ್ನಿನಲ್ಲಿರುವವರು ಮೋಸದ ಸಂದೇಶಗಳ ಬಗ್ಗೆ ದೂರು ಕೊಡುವ 7726 ನಂಬರಿಗೆ ಕಳಿಸಿ, ದುಡ್ಡೇನೂ ಬೀಳಲ್ಲ.

ಅವತ್ತಿನಿಂದ ಮನೆಯಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಂಡಿದ್ದೇವೆ. ಹೊಸ ನಂಬರಿನಿಂದ ಯಾರೇ ಮಾತಾಡಿದರೂ ಮೊದಲು ಅದನ್ನು ಹೇಳಬೇಕು. ಮಗಳೇ ಆರಿಸಿದ್ದು, ಅಚ್ಚಗನ್ನಡದ್ದು, ಅಜ್ಜಿಗೂ ಗೊತ್ತು. ಯಾವುದು ಅಂತ ಇಲ್ಲಿ ಬರೆಯಲ್ಲ. ಹೋದ ಶನಿವಾರ ಗೆಳತಿಯ ಫೋನಿಂದ ಕರೆ ಮಾಡಿದಾಗ ನಾನು ಹಲೋ ಅನ್ನುವ ಮೊದಲೇ ಅದನ್ನು ಹೇಳಿದಳು.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮಲ್ಲಿ ಏನಂತಾರೆ ತಿಳಿಸಿ. ಅವಳು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಡುತ್ತಿದ್ದಾಳೆ, ಇನ್ನೂ ತುಂಬಾ ಹಾಳೆ ಖಾಲಿ ಇದೆ.